ಶೆವ್ರೊಲೆ 3100: ಬಹುಕಾಲ ನಿಂತ ಹಳೇ ಟ್ರಕ್ಕನ್ನು ಮನೆಯಲ್ಲೇ ಎಬ್ಬಿಸುವ ಕೆಲಸ

ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಟ್ರಕ್ಕು ಕೈಗೆ ಬಂದ ದಿನ ಎಲ್ಲರಿಗೂ ಬರುವ ಆಸೆ ಒಂದೇ: ಹೊಸ ಬ್ಯಾಟರಿ ಹಾಕಿ ಒಮ್ಮೆ ಸೆಲ್ಫ್ ಒತ್ತಿ ನೋಡೋಣ ಅಂತ. ಆ ಒಂದು ಒತ್ತಿಗೇ ಅಂಟಿಕೊಂಡ ವಾಲ್ವು ಪುಷ್‌ರಾಡನ್ನು ಬಗ್ಗಿಸಬಹುದು, ಟ್ಯಾಂಕಿನ ತುಕ್ಕೆಲ್ಲ ಕಾರ್ಬೊರೇಟರಿಗೆ ಇಳಿಯಬಹುದು. ಇಂಜಿನ್ ಹತ್ತಿಕೊಂಡುಬಿಟ್ಟರಂತೂ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಗಾಡಿಯನ್ನು ನಿಲ್ಲಿಸಲು ಬ್ರೇಕೇ ಇರುವುದಿಲ್ಲ. ಹಾಗಾಗಿ ಇಲ್ಲಿನ ಕ್ರಮ ಹೀಗಿದೆ: ಮೊದಲು ಗಾಡಿ ನಿಲ್ಲಬೇಕು, ಆಮೇಲೆ ಓಡಬೇಕು, ಚೆಂದ ಕಾಣುವುದು ಕೊನೆಗೆ. ಬಣ್ಣದಿಂದ ಶುರು ಮಾಡಿದರೆ ಅದೇ ಬಣ್ಣದ ಮೇಲೆ ಬ್ರೇಕ್ ಆಯಿಲ್ ಚೆಲ್ಲಿ, ಪಾನಾ ತಗುಲಿ, ಎರಡನೇ ಸಲ ಬಳಿಯಬೇಕಾಗುತ್ತದೆ.

ಉದಾಹರಣೆಗೆ ಹಿಡಿದಿರುವುದು 1947ರಿಂದ 1953ರವರೆಗಿನ ಶೆವ್ರೊಲೆ 3100, ಅಂದರೆ ಅರ್ಧ ಟನ್ನಿನ ಪಿಕಪ್. 216 ಘನ ಇಂಚಿನ ಆರು ಸಿಲಿಂಡರ್ ಇಂಜಿನ್, 6 ವೋಲ್ಟಿನ ವಿದ್ಯುತ್, ನಾಲ್ಕೂ ಚಕ್ರಕ್ಕೆ 11 ಇಂಚಿನ ಡ್ರಮ್ ಬ್ರೇಕ್, ಮುಂದೆ ಐ-ಬೀಮ್ ಆ್ಯಕ್ಸಲ್, ಹಿಂದಕ್ಕೆ ಟಾರ್ಕ್ ಟ್ಯೂಬಿನೊಳಗೆ ಮುಚ್ಚಿಕೊಂಡ ಪ್ರೊಪೆಲರ್ ಶಾಫ್ಟ್. ಬಿಡಿಭಾಗಗಳು ಈಗಲೂ ಹೊಸದಾಗಿ ತಯಾರಾಗುತ್ತವೆ. ಅದೇ ಕಾಲದ ಫೋರ್ಡ್, ಡಾಡ್ಜ್ ಟ್ರಕ್ಕುಗಳಿಗೂ ಇಲ್ಲಿನ ಬಹುಪಾಲು ಕೆಲಸ ಹೊಂದುತ್ತದೆ.

ಭಾಗಗಳನ್ನು ತರಿಸುವ ಮೊದಲು ಗಾಡಿ ಯಾವ ವರ್ಷದ್ದೆಂದು ಗಾಡಿಯಿಂದಲೇ ತಿಳಿಯಿರಿ. ಕಾಗದದಲ್ಲಿರುವ ವರ್ಷ ಎಷ್ಟೋ ಸಲ ನೋಂದಣಿಯದ್ದು, ತಯಾರಾದದ್ದಲ್ಲ. ಪೆಟ್ರೋಲ್ ಟ್ಯಾಂಕ್ ಕ್ಯಾಬಿನ ಒಳಗೆ ಸೀಟಿನ ಹಿಂದೆ ಇದ್ದರೆ ಅದು 1949 ಅಥವಾ ನಂತರದ್ದು. ಬಾಗಿಲಿನ ಕಿಟಕಿಗೆ ಮುಂದುಗಡೆ ತಿರುಗುವ ತ್ರಿಕೋನದ ಗಾಜಿದ್ದರೆ 1951 ಅಥವಾ ನಂತರದ್ದು. ಬ್ರೇಕು ಹಕ್ ಮಾದರಿಯಿಂದ ಬೆಂಡಿಕ್ಸ್ ಮಾದರಿಗೆ (ಎರಡೂ ಡ್ರಮ್ ಬ್ರೇಕಿನ ವಿನ್ಯಾಸಗಳ ಹೆಸರು) ಬದಲಾದದ್ದೂ 1951ರಲ್ಲೇ. ಆದರೆ ಎಪ್ಪತ್ತು ವರ್ಷದಲ್ಲಿ ಆ್ಯಕ್ಸಲ್ಲೇ ಬದಲಾಗಿರಬಹುದು. ಆದ್ದರಿಂದ ಡ್ರಮ್ ಕಳಚಿ ಕಣ್ಣಾರೆ ನೋಡುವವರೆಗೆ ಬ್ರೇಕಿನ ಒಂದು ಭಾಗವನ್ನೂ ತರಿಸಬೇಡಿ.

ಬ್ರೇಕು

ಮೊದಲು ಶೂ (ಡ್ರಮ್ಮಿನ ಒಳಮೈಗೆ ಒತ್ತುವ ಬಾಗಿದ ಪಟ್ಟಿ) ಅಡ್ಜಸ್ಟರನ್ನು ಪೂರ್ತಿ ಹಿಂದಕ್ಕೆ ಬಿಡಿ. ಹಳೇ ಡ್ರಮ್ಮಿನ ಅಂಚಿನಲ್ಲಿ ಸವೆಯದೆ ಉಳಿದ ಏಣು ಇರುತ್ತದೆ, ಶೂ ಅದಕ್ಕೆ ಸಿಕ್ಕಿಕೊಂಡು ಡ್ರಮ್ಮನ್ನು ಬಿಡುವುದಿಲ್ಲ. ಆಗ ಸುತ್ತಿಗೆಯಿಂದ ಅಂಚಿಗೆ ಹೊಡೆದರೆ ಎರಕ ಸೀಳುತ್ತದೆ. ಡ್ರಮ್ಮನ್ನು ಹಿಡಿದಿರುವ ಸ್ಕ್ರೂಗಳು ತಲೆ ಹುದುಗಿದ ಮಾದರಿಯವು, ಸಾದಾ ಸ್ಕ್ರೂಡ್ರೈವರಿಗೆ ಬಗ್ಗುವುದಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಹಿಡಿಯಿರಿ.

ಡ್ರಮ್ಮಿನೊಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲೇಬಾರದು. ಆ ಕಾಲದ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಸೋಪಿನ ನೀರು ಸಿಂಪಡಿಸಿ ಧೂಳು ಪೂರ್ತಿ ನೆನೆದ ಮೇಲೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಹಾಕಿ. ಸಾಮಾನ್ಯ ಬಟ್ಟೆಯ ಮಾಸ್ಕು ಇದಕ್ಕೆ ಸಾಲದು, ಪಿ100 ಫಿಲ್ಟರಿನದೇ ಬೇಕು.

ಶೂಗಳನ್ನು ಡ್ರಮ್ಮಿಗೆ ತಳ್ಳುವ ವೀಲ್ ಸಿಲಿಂಡರ್ ಬಿಚ್ಚಿದಾಗ ಒಳಗೆ ಕಂದು ಬಣ್ಣದ ಕೆಸರು ಸಿಗುತ್ತದೆ. ಗ್ಲೈಕಾಲ್ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಆ ನೀರು ಬೋರಿನ ತಳದಲ್ಲಿ ಸೇರಿ ಗುಳಿ ತಿನ್ನುತ್ತದೆ. ಹೋನ್ ಮಾಡುವಾಗ, ಅಂದರೆ ಒಳಮೈಯನ್ನು ಉಜ್ಜಿ ನುಣುಪು ಮಾಡುವಾಗ, ಬೋರನ್ನು ಬೆರಳಿನ ಉಗುರಿನಿಂದ ಉಜ್ಜಿ ನೋಡಿ. ಕಲೆ ಕಂಡರೂ ಉಗುರು ತಡೆಯದಿದ್ದರೆ ಬಳಸಬಹುದು. ಉಗುರು ಸಿಕ್ಕಿಕೊಂಡರೆ ಇನ್ನಷ್ಟು ಹೋನ್ ಮಾಡಿ ಗುಳಿ ತೆಗೆಯಲು ಹೋಗಬೇಡಿ, ಬೋರು ದೊಡ್ಡದಾಗಿ ರಬ್ಬರ್ ಕಪ್ (ಆಯಿಲ್ ತಡೆಯುವ ಬಟ್ಟಲಿನಾಕಾರದ ಸೀಲು) ಸೋರುತ್ತದೆ. ಹೊಸ ಸಿಲಿಂಡರ್ ಹಾಕಿ, ಇಲ್ಲವೇ ಸ್ಲೀವ್ ಹಾಕಿಸಿ.

ಬೆಂಡಿಕ್ಸ್ ಬ್ರೇಕಿನಲ್ಲಿ ಎರಡು ಶೂಗಳ ಲೈನಿಂಗ್ ಒಂದೇ ಉದ್ದವಲ್ಲ. ಗಿಡ್ಡ ಲೈನಿಂಗಿನದು ಗಾಡಿಯ ಮುಂಭಾಗಕ್ಕೆ, ಉದ್ದದ್ದು ಹಿಂಭಾಗಕ್ಕೆ. ಮುಂದಿನ ಶೂ ಡ್ರಮ್ಮಿಗೆ ತಗುಲಿ ಅದರ ಜೊತೆ ತಿರುಗಲು ಹೋಗಿ, ಆ ಬಲವನ್ನು ಅಡ್ಜಸ್ಟರಿನ ಮೂಲಕ ಹಿಂದಿನ ಶೂಗೆ ದಾಟಿಸುತ್ತದೆ. ಹೆಚ್ಚಿನ ಕೆಲಸ ಹಿಂದಿನದ್ದೇ, ಅದಕ್ಕೇ ಉದ್ದ. ಇದನ್ನು ಅದಲುಬದಲು ಮಾಡಿದರೆ ಪೆಡಲ್ ಗಟ್ಟಿಯಾಗಿದ್ದರೂ ಗಾಡಿ ನಿಲ್ಲುವುದಿಲ್ಲ. ಬರೀ ಏರ್ ತೆಗೆಯುತ್ತಾ ಕೂತರೆ ಈ ತಪ್ಪು ಸಿಗುವುದೇ ಇಲ್ಲ.

ಲೈನುಗಳನ್ನು ಅರ್ಧಂಬರ್ಧ ಉಳಿಸಿಕೊಳ್ಳಬೇಡಿ, ಎಲ್ಲವನ್ನೂ ಬದಲಿಸಿ. ಸ್ಟೀಲ್ ಅಥವಾ ತಾಮ್ರ-ನಿಕ್ಕಲ್ ಮಿಶ್ರಲೋಹದ ಪೈಪು ಸರಿ. ಬರೀ ತಾಮ್ರದ್ದು ಬೇಡವೇ ಬೇಡ, ಅದು ಅದುರಿ ಅದುರಿ ಗಡುಸಾಗಿ ಬಿರಿಯುತ್ತದೆ. ತುದಿಗೆ 45 ಡಿಗ್ರಿಯ ಡಬಲ್ ಫ್ಲೇರ್, ಅಂದರೆ ಎರಡು ಪದರವಾಗಿ ಮಡಚಿ ಅರಳಿಸಿದ ಅಂಚು, ಬೇಕು. ಫ್ಲೇರ್ ಮಾಡುವ ಮುಂಚೆ ನಟ್ಟನ್ನು ಪೈಪಿಗೆ ಏರಿಸಿಕೊಂಡಿದ್ದೀರಾ ಎಂದು ಪ್ರತಿ ಸಲವೂ ನೋಡಿಕೊಳ್ಳಿ. ಕತ್ತರಿಸಿದ ತುದಿಯ ಒಳಗಿನ ಮುಳ್ಳನ್ನು ರೀಮ್ ಮಾಡದಿದ್ದರೆ ಫ್ಲೇರ್ ಒಂದು ಬದಿಗೆ ಸೀಳುತ್ತದೆ. ಹೋಸ್ ಪೈಪು ಮೂರೂ ಹೊಸದಾಗಿರಲಿ. ಹಳೆಯದು ಹೊರಗೆ ಚೆನ್ನಾಗಿ ಕಂಡರೂ ಒಳಪದರ ಊದಿ ಒಮ್ಮುಖದ ವಾಲ್ವಿನಂತಾಗಿರುತ್ತದೆ: ಆಯಿಲ್ ಹೋಗುತ್ತದೆ, ವಾಪಸ್ ಬರುವುದಿಲ್ಲ.

ಮಾಸ್ಟರ್ ಸಿಲಿಂಡರ್ ಇರುವುದು ಕಾಲಡಿಯ ತಗಡಿನ ಕೆಳಗೆ, ಪೆಡಲ್‌ಗಳ ಶಾಫ್ಟು ಅದರ ಎರಕದಲ್ಲೇ ಕೂತಿದೆ. ಇಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವ ದೋಷವೊಂದಿದೆ. ಪುಷ್‌ರಾಡಿಗೂ ಪಿಸ್ಟನ್ನಿಗೂ ನಡುವೆ ಸ್ವಲ್ಪ ಸಡಿಲ ಇರಬೇಕು, ಪೆಡಲಿನಲ್ಲಿ ಅಳೆದರೆ ಕಾಲು ಇಂಚಿನಿಂದ ಅರ್ಧ ಇಂಚು. ಅದು ಇಲ್ಲದಿದ್ದರೆ ಕಾಲು ತೆಗೆದರೂ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದೆ, ರಬ್ಬರ್ ಕಪ್ಪಿನ ಅಂಚು ಕಾಂಪೆನ್ಸೇಟಿಂಗ್ ರಂಧ್ರದ ಮೇಲೆ ಕೂತುಬಿಡುತ್ತದೆ. ಬಿಸಿಯಾಗಿ ಹಿಗ್ಗಿದ ಆಯಿಲಿಗೆ ಡಬ್ಬಿಗೆ ಮರಳಲು ದಾರಿಯೇ ಇಲ್ಲ. ಹತ್ತು ನಿಮಿಷ ಓಡಿಸುವಷ್ಟರಲ್ಲಿ ಬ್ರೇಕು ತಾನಾಗಿ ಬಿಗಿಯುತ್ತದೆ, ಡ್ರಮ್ಮು ಕಾಯುತ್ತದೆ, ಇನ್ನಷ್ಟು ಬಿಗಿಯುತ್ತದೆ. ಖಚಿತ ಮಾಡಿಕೊಳ್ಳುವುದು ಸುಲಭ: ಚಕ್ರ ಹಿಡಿದುಕೊಂಡಾಗ ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಲೈನಿನ ನಟ್ಟನ್ನು ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ತಪ್ಪು ಮಾಸ್ಟರ್ ಸಿಲಿಂಡರ್ ಕಡೆಯದು. ಆಗಲೂ ಬಿಡದಿದ್ದು, ಚಕ್ರದ ಬ್ಲೀಡರ್ ತೆರೆದಾಗ ಮಾತ್ರ ಬಿಟ್ಟರೆ ಅದು ಊದಿದ ಹೋಸ್ ಪೈಪು.

ಹೊಸ ಕಾಲದ ಮಾಸ್ಟರ್ ಸಿಲಿಂಡರ್ ಹಾಕುವವರು ಗಮನಿಸಬೇಕಾದ್ದು: ಡ್ರಮ್ ಬ್ರೇಕಿನ ಲೈನಿನಲ್ಲಿ 8ರಿಂದ 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಉಳಿಸುವ ರೆಸಿಡ್ಯುಯಲ್ ವಾಲ್ವು ಬೇಕು. ಹಳೇ ಸಿಲಿಂಡರಿನಲ್ಲಿ ಅದು ಒಳಗೇ ಇತ್ತು. ಡಿಸ್ಕ್ ಬ್ರೇಕಿಗಾಗಿ ಮಾಡಿದ ಸಿಲಿಂಡರನ್ನು ಹಾಗೆಯೇ ಹಾಕಿದರೆ ಆ ಒತ್ತಡ ಇರದೆ ವೀಲ್ ಸಿಲಿಂಡರಿನ ಕಪ್ ಸಡಿಲವಾಗಿ ಗಾಳಿ ಎಳೆದುಕೊಳ್ಳುತ್ತದೆ. ಎಷ್ಟು ಸಲ ಏರ್ ತೆಗೆದರೂ ಮಾರನೇ ದಿನ ಪೆಡಲ್ ಮತ್ತೆ ಸ್ಪಂಜು.

ಏರ್ ತೆಗೆಯುವುದು ಅತಿ ಉದ್ದದ ಲೈನಿನಿಂದ. ಆಯಿಲ್ ಡಾಟ್ 3 ಅಥವಾ ಡಾಟ್ 4. ಸಿಲಿಕೋನಿನ ಡಾಟ್ 5 ಹಾಕುವುದಾದರೆ ಪೂರ್ತಿ ಹೊಸ ವ್ಯವಸ್ಥೆಗೆ ಮಾತ್ರ, ಹಳೆಯದರ ಜೊತೆ ಬೆರೆಸುವಂತಿಲ್ಲ. ಎಲ್ಲ ಮುಗಿದ ಮೇಲೆ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ, ಇನ್ನೊಬ್ಬರು ಪ್ರತಿ ಜಾಯಿಂಟನ್ನೂ ಒಣ ಕಾಗದದಿಂದ ಒರೆಸಿ ನೋಡಲಿ. ಪೆಡಲ್ ಕೂದಲೆಳೆಯಷ್ಟೂ ಇಳಿಯಬಾರದು.

ಹಿಂದಿನ ಶೂಗಳು ಎಣ್ಣೆಯಲ್ಲಿ ನೆನೆದಿದ್ದರೆ ಆ್ಯಕ್ಸಲ್ ಸೀಲನ್ನು ಬದಲಿಸಿ ಸುಮ್ಮನಾಗಬೇಡಿ. ಈ ಗಾಡಿಯಲ್ಲಿ ಗೇರ್‌ಬಾಕ್ಸಿನ ಎಣ್ಣೆಯೇ ಯೂನಿವರ್ಸಲ್ ಜಾಯಿಂಟಿಗೂ ಹೋಗುತ್ತದೆ. ಅದರ ಹಿಂದಿನ ಬುಷ್ಷು, ಸೀಲು ಸವೆದರೆ ಎಣ್ಣೆ ಟಾರ್ಕ್ ಟ್ಯೂಬಿನೊಳಗೇ ಹರಿದು ಹಿಂದಿನ ಡಿಫರೆನ್ಷಿಯಲ್ ತುಂಬುತ್ತದೆ. ಅಲ್ಲಿ ಮಟ್ಟ ಏರಿ, ಹೊಸ ಸೀಲನ್ನೂ ದಾಟಿ ಡ್ರಮ್ಮಿಗೆ ಬರುತ್ತದೆ. ಗೇರ್‌ಬಾಕ್ಸಿನಲ್ಲಿ ಎಣ್ಣೆ ಕಡಿಮೆ, ಡಿಫರೆನ್ಷಿಯಲ್ಲಿನ ಬಿರಡೆ ತೆಗೆದರೆ ಹೊರಗೆ ಹರಿಯುವಷ್ಟು ಹೆಚ್ಚು: ಈ ಎರಡೂ ಒಟ್ಟಿಗೆ ಕಂಡರೆ ಕಾರಣ ಇದೇ.

ಮುಂದಿನ ಆ್ಯಕ್ಸಲ್, ಚಕ್ರ

ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿ. ಆಟ ನಿಂತರೆ ಅದು ವೀಲ್ ಬೇರಿಂಗಿನದು, ನಿಲ್ಲದಿದ್ದರೆ ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ನಿಂತ ಕೀಲು. ಕಿಂಗ್ ಪಿನ್ ತೆಗೆಯುವಾಗ ಅದನ್ನು ಅಡ್ಡಲಾಗಿ ಹಿಡಿದಿರುವ ಲಾಕ್ ಪಿನ್ ಮೊದಲು ಬರಬೇಕು. ಅದು ಅಲ್ಲೇ ಇರುವಾಗ ಕಿಂಗ್ ಪಿನ್ನಿಗೆ ಎಷ್ಟು ಹೊಡೆದರೂ ತಲೆ ಅಣಬೆಯಂತೆ ಅರಳುತ್ತದೆ, ಆಮೇಲೆ ಆ್ಯಕ್ಸಲ್ ತೂತಿನಿಂದ ಬರುವುದೇ ಇಲ್ಲ. ಹೊಸ ಬುಷ್ ಒತ್ತುವಾಗ ಅದರ ತೂತು ಗ್ರೀಸ್ ನಿಪ್ಪಲ್ಲಿನ ದಾರಿಗೆ ಸರಿಯಾಗಿ ಕೂರಬೇಕು. ಮೇಲಿನ, ಕೆಳಗಿನ ಬುಷ್ಷುಗಳನ್ನು ಒಂದೇ ನೇರದಲ್ಲಿ ರೀಮ್ ಮಾಡಿಸಿ, ಪಿನ್ನು ಕೈಬೆರಳಿನ ಒತ್ತಿಗೆ ಜಾರುವಷ್ಟು ಮಾತ್ರ.

ಇದಕ್ಕಿಂತ ದೊಡ್ಡ ಟ್ರಕ್ಕು ಹಿಡಿದವರಿಗೆ ಒಂದು ಎಚ್ಚರಿಕೆ. ಎರಡು ತುಂಡಿನ ರಿಮ್ಮು, ಲಾಕ್ ರಿಂಗಿನ ರಿಮ್ಮು ಇದ್ದರೆ ನಟ್ಟು ಸಡಿಲಿಸುವ ಮೊದಲೇ ವಾಲ್ವಿನ ಒಳಗಿನ ಕೋರನ್ನು ತೆಗೆದು ಗಾಳಿ ಪೂರ್ತಿ ಬಿಡಿ. ಜೋಡಿ ಚಕ್ರವಾದರೆ ಎರಡರದ್ದೂ. ತುಕ್ಕು ತಿಂದ ರಿಂಗು ಹಾರಿದರೆ ಎದುರಿಗಿದ್ದವರು ಉಳಿಯುವುದು ಕಷ್ಟ. ಗಾಳಿ ತುಂಬಿಸುವುದು ಕಬ್ಬಿಣದ ಪಂಜರದೊಳಗೆ ಮಾತ್ರ, ಈ ಸೌಕರ್ಯ ಮನೆಯಲ್ಲಿ ಇರುವುದಿಲ್ಲ, ಟ್ರಕ್ ಟಯರಿನವರಿಗೇ ಕೊಡಿ. ಇಂಥ ಗಾಡಿಗಳ ಎಡಬದಿಯ ನಟ್ಟುಗಳಿಗೆ ಎಡಮರೆ, ಅಂದರೆ ಬಲಕ್ಕೆ ತಿರುಗಿಸಿದರೆ ಸಡಿಲವಾಗುವ ಮರೆ, ಇರುವುದುಂಟು. ಉದ್ದ ಪೈಪು ಹಾಕಿ ತಿರುಗಿಸುವ ಮೊದಲು ಸ್ಟಡ್ಡಿನ ತುದಿಯಲ್ಲಿ ಅಕ್ಷರ ಇದೆಯೇ ನೋಡಿ.

ಹಿಡಿದುಕೊಂಡ ಇಂಜಿನ್

ಪ್ಲಗ್ಗುಗಳನ್ನು ತೆಗೆದು, ಪ್ರತಿ ಸಿಲಿಂಡರಿಗೆ 30ರಿಂದ 50 ಮಿಲಿಲೀಟರಿನಷ್ಟು ಆಟೊಮ್ಯಾಟಿಕ್ ಗೇರ್ ಆಯಿಲ್ ಮತ್ತು ಅಸಿಟೋನಿನ ಸಮಪಾಲು ಮಿಶ್ರಣ ಹಾಕಿ. ಎರಡೂ ಬೇಗ ಬೇರೆಯಾಗುತ್ತವೆ, ಹಾಕುವ ಮುಂಚೆ ಕುಲುಕಿ. ಬೆಂಕಿ ಹತ್ತಿರ ಸುಳಿಯಬಾರದು. ನಾಲ್ಕೈದು ದಿನ ಬಿಟ್ಟು, ಇಳಿದು ಹೋದ ಸಿಲಿಂಡರಿಗೆ ಮತ್ತೆ ತುಂಬಿ. ಆಮೇಲೆ ಗೇರನ್ನು ನ್ಯೂಟ್ರಲ್ಲಿಗೆ ಹಾಕಿ, ಸ್ಟಾರ್ಟರ್ ಮೋಟಾರ್ ಬಿಚ್ಚಿದ ಕಿಂಡಿಯಿಂದ ಫ್ಲೈವೀಲ್ ಹಲ್ಲಿಗೆ ಹಾರೆ ಕೊಟ್ಟು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮೀಟಿ. ಒಂದು ಹಲ್ಲಿನಷ್ಟು ಅಲುಗಿದರೆ ಗೆದ್ದಂತೆ, ಅಲ್ಲಿಂದ ಮುಂದಕ್ಕೆ ತಾಳ್ಮೆ ಸಾಕು. ಗೇರಿಗೆ ಹಾಕಿ ಇನ್ನೊಂದು ಗಾಡಿಯಿಂದ ಎಳೆಸುವುದು ಬೇಡ, ಕನೆಕ್ಟಿಂಗ್ ರಾಡ್ ಬಗ್ಗುವುದು ಹಾಗೆಯೇ.

ಬಿಟ್ಟ ಮೇಲೂ ಕೆಲಸ ಬಾಕಿ ಇದೆ. ವಾಲ್ವ್ ಕವರ್ ತೆಗೆದು ಕೈಯಿಂದ ಎರಡು ಸುತ್ತು ತಿರುಗಿಸುತ್ತಾ ಹನ್ನೆರಡು ವಾಲ್ವುಗಳೂ ಇಳಿದು ಏರುವುದನ್ನು ಒಂದೊಂದಾಗಿ ನೋಡಿ. ರಾಕರ್ ಎದ್ದರೂ ವಾಲ್ವು ಕೆಳಗೇ ಉಳಿದರೆ ಅದು ಗೈಡಿನಲ್ಲಿ ಅಂಟಿದೆ. ಕಾಂಡಕ್ಕೆ ಎಣ್ಣೆ ಬಿಟ್ಟು ಪ್ಲಾಸ್ಟಿಕ್ ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತಾ ಆಡಿಸಿ.

216 ಇಂಜಿನ್ನಿನ ಎಣ್ಣೆಯ ವ್ಯವಸ್ಥೆ ಗೊತ್ತಿಲ್ಲದೆ ಅದನ್ನು ಎಬ್ಬಿಸಲು ಹೋಗಬಾರದು. ಇದರಲ್ಲಿ ಮೇನ್ ಬೇರಿಂಗಿಗೆ ಪಂಪಿನ ಒತ್ತಡ ಸಿಗುತ್ತದೆ. ಕನೆಕ್ಟಿಂಗ್ ರಾಡಿನ ಬೇರಿಂಗಿಗೆ ಇಲ್ಲ. ಪ್ರತಿ ರಾಡಿನ ತಳದಲ್ಲಿ ಒಂದು ಪುಟ್ಟ ಸೌಟು ಇದೆ, ಎಣ್ಣೆ ಪ್ಯಾನಿನಲ್ಲಿ ಅದರ ನೇರಕ್ಕೆ ಒಂದು ತೊಟ್ಟಿ, ತೊಟ್ಟಿಗೆ ಗುರಿ ಇಟ್ಟ ಒಂದು ನಳಿಕೆ. ನಿಧಾನದಲ್ಲಿ ಸೌಟು ತೊಟ್ಟಿಯಿಂದ ಎಣ್ಣೆ ಮೊಗೆದುಕೊಳ್ಳುತ್ತದೆ, ವೇಗದಲ್ಲಿ ನಳಿಕೆಯ ಧಾರೆ ನೇರ ಸೌಟಿನ ಬಾಯಿಗೇ ಬೀಳುತ್ತದೆ. ಹತ್ತಾರು ವರ್ಷದ ಕೆಸರು ಕೂರುವುದು ಈ ತೊಟ್ಟಿಗಳಲ್ಲೇ. ಹಾಗಾಗಿ ಪ್ಯಾನ್ ಇಳಿಸದೆ ಬರೀ ಎಣ್ಣೆ ಬದಲಿಸಿ ಚಾಲೂ ಮಾಡುವುದಕ್ಕೆ ಅರ್ಥವಿಲ್ಲ. ಹೊಸ ಡಿಟರ್ಜೆಂಟ್ ಎಣ್ಣೆ ಆ ಕೆಸರನ್ನು ಎಬ್ಬಿಸಿ ನಳಿಕೆಯನ್ನು ಕಟ್ಟುತ್ತದೆ, ಆ ಸಿಲಿಂಡರಿನ ಬ್ಯಾಬಿಟ್ (ಮೆತ್ತನೆಯ ಮಿಶ್ರಲೋಹದ) ಬೇರಿಂಗ್ ಕರಗುತ್ತದೆ. ಪ್ಯಾನನ್ನು ಇಳಿಸಿ, ತೊಟ್ಟಿಗಳನ್ನು ಕೆರೆದು, ನಳಿಕೆಗಳಲ್ಲಿ ತೆಳು ತಂತಿ ಆಡಿಸಿ. ನಳಿಕೆಯನ್ನು ಬಗ್ಗಿಸಬೇಡಿ, ಅದರ ಗುರಿಯೇ ಎಲ್ಲ. ಮತ್ತೆ ಏರಿಸುವ ಮುನ್ನ ತೊಟ್ಟಿಗಳಿಗೆ ಎಣ್ಣೆ ತುಂಬಿ, ಇಲ್ಲದಿದ್ದರೆ ಮೊದಲ ಸುತ್ತುಗಳಲ್ಲಿ ಸೌಟಿಗೆ ಸಿಗುವುದು ಗಾಳಿ.

ಪ್ಯಾನ್ ಇಳಿದಿರುವಾಗಲೇ ಪ್ಲಾಸ್ಟಿಗೇಜ್ (ಬಿಗಿದಾಗ ಚಪ್ಪಟೆಯಾಗಿ ಸಡಿಲ ತೋರಿಸುವ ಪ್ಲಾಸ್ಟಿಕ್ ಎಳೆ) ಇಟ್ಟು ರಾಡ್ ಬೇರಿಂಗಿನ ಸಡಿಲ ಅಳೆಯಿರಿ. ಕ್ಯಾಪಿನ ಎರಡೂ ಬದಿಯಲ್ಲಿ ತೆಳು ಶಿಮ್ಮುಗಳಿವೆ, ಸವೆತ ಸ್ವಲ್ಪವಿದ್ದರೆ ಒಂದೊಂದು ಶಿಮ್ ತೆಗೆದು ಸರಿಪಡಿಸಬಹುದು. ಬಿಗಿದ ಮೇಲೆ ರಾಡನ್ನು ಕೈಯಿಂದ ಕ್ರ್ಯಾಂಕಿನ ಮೇಲೆ ಅಕ್ಕಪಕ್ಕ ಜಾರಿಸಲು ಬರಬೇಕು. ಬಾರದಿದ್ದರೆ ತೆಗೆದದ್ದು ಹೆಚ್ಚಾಯಿತು.

ಇದೇ ಕಾರಣಕ್ಕೆ ಆಯಿಲ್ ಗೇಜಿನ ಅಂಕಿ ನೋಡಿ ಗಾಬರಿಯಾಗಬೇಡಿ. ಈ ಗೇಜು ಇರುವುದೇ 30ರವರೆಗೆ. ರಸ್ತೆಯ ವೇಗದಲ್ಲಿ 14 ಪಿಎಸ್‌ಐ ಆಸುಪಾಸು ಇದರ ಸಹಜ ಒತ್ತಡ. 1954ರಲ್ಲಿ ಈ ಟ್ರಕ್ಕಿಗೆ ಬಂದ 235 ಇಂಜಿನ್ ಪೂರ್ತಿ ಒತ್ತಡದ ಎಣ್ಣೆಯದು, ಅದಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಹೊರಗಿನಿಂದ ಎರಡೂ ಸುಮಾರಾಗಿ ಒಂದೇ ಥರ ಕಾಣುವುದರಿಂದ ಎರಕದ ನಂಬರ್ ನೋಡಿ ಯಾವುದೆಂದು ತಿಳಿಯಿರಿ.

ಪೆಟ್ರೋಲು

ಮೊದಲ ಚಾಲೂಗೆ ಗಾಡಿಯ ಟ್ಯಾಂಕ್ ಬೇಡ, ದೋಣಿಯ ಇಂಜಿನ್ನಿಗೆ ಬಳಸುವಂಥ ಚಿಕ್ಕ ಟ್ಯಾಂಕ್ ಸಾಕು. ಗಾಡಿಯ ಟ್ಯಾಂಕನ್ನು ಬಿಚ್ಚಿ, ಬಿಸಿ ಸೋಪುನೀರಿನಲ್ಲಿ ತೊಳೆದು, ವಿನಿಗರ್ ತುಂಬಿಸಿ ಒಂದೆರಡು ದಿನ ಇಡಿ. ಒಂದು ತುಂಡು ಸರಪಳಿ ಹಾಕಿ ಕುಲುಕಿದರೆ ಪದರ ಪದರವಾಗಿ ತುಕ್ಕು ಬೀಳುತ್ತದೆ. ಅಡುಗೆ ಸೋಡಾ ನೀರಿನಿಂದ ತೊಳೆದು ಕೂಡಲೇ ಬಿಸಿಗಾಳಿಯಲ್ಲಿ ಒಣಗಿಸಿ, ತಡವಾದರೆ ಅರ್ಧ ಗಂಟೆಯಲ್ಲೇ ಕಿತ್ತಳೆ ಬಣ್ಣದ ಹೊಸ ತುಕ್ಕು ಏರುತ್ತದೆ. ಸೋರದ ಟ್ಯಾಂಕಿಗೆ ಒಳಲೇಪ ಹಾಕುವುದು ಬೇಡ. ಕೆಳಗೆ ಕಣದಷ್ಟು ಕೊಳೆ ಉಳಿದಿದ್ದರೂ ಅದು ಹಪ್ಪಳದಂತೆ ಎದ್ದು ಪೈಪನ್ನು ಮುಚ್ಚುತ್ತದೆ. ಪೆಟ್ರೋಲ್ ಕಂಡ ಟ್ಯಾಂಕಿಗೆ ಮನೆಯಲ್ಲಿ ಬೆಸುಗೆ ಹಾಕಲೇಬೇಡಿ, ಎಷ್ಟು ತೊಳೆದಿದ್ದರೂ.

ಹಳೇ ಫ್ಯುಯೆಲ್ ಪಂಪಿನ ಡಯಾಫ್ರಮ್ ಇಥನಾಲ್ ಬೆರೆತ ಪೆಟ್ರೋಲನ್ನು ತಡೆಯುವುದಿಲ್ಲ. ಅದು ಹರಿದರೆ ಪೆಟ್ರೋಲು ಸದ್ದಿಲ್ಲದೆ ಎಣ್ಣೆ ಪ್ಯಾನಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರಿದ್ದು, ಪೆಟ್ರೋಲ್ ವಾಸನೆ ಬಂದರೆ ಆ ಕ್ಷಣ ನಿಲ್ಲಿಸಿ ಎಣ್ಣೆ ಬದಲಿಸಿ.

ವಿದ್ಯುತ್ತು

6 ವೋಲ್ಟ್ ಅಶಕ್ತ ಎನ್ನುವ ಮಾತು ಬಂದದ್ದು ತೆಳು ಕೇಬಲಿನಿಂದ. ಅದೇ ಕೆಲಸಕ್ಕೆ 12 ವೋಲ್ಟಿಗಿಂತ ಎರಡರಷ್ಟು ಕರೆಂಟು ಬೇಕು, ಆದ್ದರಿಂದ ಬ್ಯಾಟರಿ ಕೇಬಲ್ 1/0 ಅಥವಾ 2/0 ಗೇಜಿನದ್ದಿರಬೇಕು. ಈಗಿನ ಕಾರಿನ ಕೇಬಲ್ ಹಾಕಿದರೆ ಇಂಜಿನ್ ತೂಕಡಿಸುತ್ತಾ ತಿರುಗುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಪಾಸಿಟಿವ್ ಕಂಬದಿಂದ ಸ್ಟಾರ್ಟರಿನ ಸ್ಟಡ್ಡಿಗೆ, ನೆಗೆಟಿವ್ ಕಂಬದಿಂದ ಸ್ಟಾರ್ಟರಿನ ಮೈಗೆ ಮೀಟರ್ ಹಿಡಿಯಿರಿ. ಎರಡೂ ಕಡೆ 0.2 ವೋಲ್ಟಿನ ಒಳಗಿರಬೇಕು. ಹೆಚ್ಚಿದ್ದರೆ ಅರ್ತಿಂಗ್ ಜಾಗದ ಬಣ್ಣ ಕೆರೆದು ಲೋಹ ಹೊಳೆಯಿಸಿ. ಕಾಲಲ್ಲಿ ತುಳಿಯುವ ಸ್ಟಾರ್ಟರ್ ಸ್ವಿಚ್ಚಿನ ತಾಮ್ರದ ಕಾಂಟ್ಯಾಕ್ಟೂ ಸುಟ್ಟಿರುವುದು ಸಾಮಾನ್ಯ. ಇಷ್ಟು ಸರಿಮಾಡಿದ ಮೇಲೆ 12 ವೋಲ್ಟಿಗೆ ಬದಲಿಸುವ ಅಗತ್ಯವೇ ಬೀಳುವುದಿಲ್ಲ.

ಬಟ್ಟೆ ಸುತ್ತಿದ ಹಳೇ ವೈರಿಂಗ್ ಬಗ್ಗಿಸಿದಲ್ಲಿ ಪುಡಿಯಾಗುತ್ತದೆ, ಪೂರ್ತಿ ಹೊಸ ಹಾರ್ನೆಸ್ ಹಾಕಿ. ಡೈನಮೋ ಅಥವಾ ರೆಗ್ಯುಲೇಟರ್ ಬಿಚ್ಚಿ ಹಾಕಿದ ಮೇಲೆ ಇಂಜಿನ್ ಚಾಲೂ ಮಾಡುವ ಮುನ್ನ ಪೋಲರೈಸ್ ಮಾಡಬೇಕು, ಅಂದರೆ ಡೈನಮೋಗೆ ಸರಿಯಾದ ಧ್ರುವ ಕೂರಿಸಬೇಕು: ಶೆವ್ರೊಲೆಯ ಡೆಲ್ಕೊ ವ್ಯವಸ್ಥೆಯಲ್ಲಿ ರೆಗ್ಯುಲೇಟರಿನ ಬ್ಯಾಟರಿ ಮತ್ತು ಜನರೇಟರ್ ಟರ್ಮಿನಲ್‌ಗಳ ನಡುವೆ ಒಂದು ತುಂಡು ವೈರನ್ನು ಕ್ಷಣಮಾತ್ರ ಮುಟ್ಟಿಸಿ, ಕಿಡಿ ಕಂಡರೆ ಸಾಕು. ಆ ಕಾಲದ ಫೋರ್ಡಿನಲ್ಲಿ ಇದೇ ರೀತಿ ಮಾಡಬಾರದು, ಅದರ ಫೀಲ್ಡ್ ಸರ್ಕ್ಯೂಟ್ ಬೇರೆ. ಅಲ್ಲದೆ ಫೋರ್ಡಿನಲ್ಲಿ ಪಾಸಿಟಿವ್ ಅರ್ತ್, ಶೆವ್ರೊಲೆಯಲ್ಲಿ ನೆಗೆಟಿವ್.

ಇಗ್ನಿಷನ್ ಕ್ರಮ 1-5-3-6-2-4. ಟೈಮಿಂಗ್ ಗುರುತು ಮುಂದಿನ ಪುಲ್ಲಿಯಲ್ಲಿಲ್ಲ, ಫ್ಲೈವೀಲಿನಲ್ಲಿ ಹುದುಗಿದ ಒಂದು ಉಕ್ಕಿನ ಗುಂಡು ಅದು, ಹೌಸಿಂಗಿನ ಕಿಂಡಿಯಲ್ಲಿ ಕಾಣುತ್ತದೆ. ಗುಂಡನ್ನು ಒರೆಸಿ ಬಿಳಿ ಬಣ್ಣದ ಒಂದು ಚುಕ್ಕೆ ಇಡಿ. ಟೈಮಿಂಗ್ ಲೈಟು 12 ವೋಲ್ಟಿನದಾದರೆ ಅದಕ್ಕೆ ಬೇರೆ ಬ್ಯಾಟರಿಯಿಂದ ಕರೆಂಟ್ ಕೊಡಿ. ವಾಲ್ವಿನ ಸಡಿಲ ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಇನ್‌ಲೆಟ್ಟಿಗೆ 6 ಥೌ (ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ), ಎಕ್ಸಾಸ್ಟಿಗೆ 13 ಥೌ. ಟಪಟಪ ಸದ್ದು ಇಷ್ಟವಿಲ್ಲವೆಂದು ಎಕ್ಸಾಸ್ಟನ್ನು ಬಿಗಿ ಮಾಡಿದರೆ ವಾಲ್ವು ಸುಡುತ್ತದೆ.

ರೇಡಿಯೇಟರಿಗೆ ಈಗಿನ ಕಾರಿನ 13-15 ಪಿಎಸ್‌ಐ ಮುಚ್ಚಳ ಹಾಕಬೇಡಿ, ಹಳೇ ಬೆಸುಗೆ ಅಷ್ಟು ಒತ್ತಡವನ್ನು ತಾಳುವುದಿಲ್ಲ.

ತಗಡಿನ ಕೆಲಸ

ಕ್ಯಾಬು ಕೊಳೆಯುವುದು ಒಳಗಿನಿಂದ. ಹಿಂದಿನ ಎರಡು ಮೂಲೆಗಳ ಕೆಳಭಾಗ, ಕಾಲಿಡುವ ತಗಡು, ಬಾಗಿಲ ತಿರುಗಣೆಯ ಕಂಬದ ಬುಡ, ಕ್ಯಾಬ್ ಚಾಸಿಸ್ಸಿಗೆ ಕೂರುವ ಜಾಗ: ಇಲ್ಲೆಲ್ಲ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಕತ್ತರಿಸುವ ಮುಂಚೆ ಬಾಗಿಲುಗಳನ್ನು ಏರಿಸಿ ಸಂದು ಸರಿಮಾಡಿ, ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬೆಸೆಯಿರಿ. ಹಾಗೆ ಮಾಡದೆ ಮೂಲೆ, ನೆಲ ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕ್ಯಾಬು ತನ್ನ ಭಾರಕ್ಕೇ ಕುಸಿದು, ಆಮೇಲೆ ಬಾಗಿಲು ಮುಚ್ಚುವುದೇ ಇಲ್ಲ. ಒಂದು ಬದಿ ಮುಗಿಸಿಯೇ ಇನ್ನೊಂದಕ್ಕೆ ಹೋಗಿ.

ತೇಪೆಗೆ 18 ಗೇಜಿನ ತಗಡು, 0.6 ಮಿಲಿಮೀಟರ್ ತಂತಿಯ ಮಿಗ್ ಬೆಸುಗೆ ಯಂತ್ರ. ಹೊಳೆಯುವ ಲೋಹ ಸಿಗುವವರೆಗೆ ಹಳೆಯದನ್ನು ಕತ್ತರಿಸಿ, ತೇಪೆಯನ್ನು ಅಂಚಿಗೆ ಅಂಚು ಕೂರಿಸಿ. ಒಂದರ ಮೇಲೊಂದು ಇಟ್ಟರೆ ಆ ಸಂದಿನಲ್ಲಿ ನೀರು ನಿಂತು ಮತ್ತೆ ತಿನ್ನುತ್ತದೆ. 25 ಮಿಲಿಮೀಟರಿಗೊಂದು ಚುಕ್ಕೆ ಬೆಸುಗೆ ಹಾಕಿ, ದೂರ ದೂರಕ್ಕೆ ಜಿಗಿಯುತ್ತಾ ತುಂಬಿಸಿ. ಕೈ ಇಟ್ಟರೆ ಸುಡುವ ಜಾಗಕ್ಕೆ ಮುಂದಿನ ಚುಕ್ಕೆ ಬೇಡ.

ಬಾನೆಟ್, ಬಾಗಿಲಿನಂಥ ಅಗಲ ತಗಡಿಗೆ ಮರಳು ಹೊಡೆಸಿದರೆ ಮೇಲ್ಮೈ ಹಿಗ್ಗಿ ಡುಬ್ಬಾಗುತ್ತದೆ, ಅದಕ್ಕೆ ರಾಸಾಯನಿಕದಿಂದ ಬಣ್ಣ ಎಬ್ಬಿಸುವುದು ಲೇಸು. ಚಿಕ್ಕ ಭಾಗಗಳಿಗೆ ವಿದ್ಯುತ್ ತೊಟ್ಟಿ ಚೆನ್ನಾಗಿ ಕೆಲಸ ಮಾಡುತ್ತದೆ: ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, ಭಾಗಕ್ಕೆ ನೆಗೆಟಿವ್, ಬೇಡದ ಸಾದಾ ಕಬ್ಬಿಣದ ತುಂಡಿಗೆ ಪಾಸಿಟಿವ್. ಸ್ಟೇನ್‌ಲೆಸ್ ಬಳಸಿದರೆ ನೀರಿಗೆ ವಿಷಕಾರಿ ಕ್ರೋಮಿಯಂ ಬಿಡುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಿನಲ್ಲೇ ಮಾಡಿ. ಸ್ಪ್ರಿಂಗು, ಗಡುಸು ಬೋಲ್ಟು ಇದಕ್ಕೆ ಹಾಕಬೇಡಿ, ಹೈಡ್ರೋಜನ್ ಹೊಕ್ಕು ಅವು ಪೆಡಸಾಗುತ್ತವೆ.

ಬರಿ ಲೋಹಕ್ಕೆ ಮೊದಲು ಎಪಾಕ್ಸಿ ಪ್ರೈಮರ್, ಅದರ ಮೇಲೆ ಪುಟ್ಟಿ, ದಪ್ಪ 3 ಮಿಲಿಮೀಟರ್ ಮೀರದಂತೆ. ಹಾರ್ಡನರ್ ಬೆರೆಸುವ ಎರಡು ಭಾಗದ ಬಣ್ಣದಲ್ಲಿ ಐಸೊಸಯನೇಟ್ ಇರುತ್ತದೆ, ಹೊರಗಿನಿಂದ ಶುದ್ಧ ಗಾಳಿ ಬರುವ ಮುಖವಾಡವಿಲ್ಲದೆ ಸ್ಪ್ರೇ ಮಾಡಬೇಡಿ. ಹಿಂದಿನ ಮರದ ಹಾಸಿನ ಹಲಗೆಗಳಿಗೆ ಆರೂ ಮೈಗೆ ಲೇಪ ಹಚ್ಚಿ ಒಣಗಿಸಿದ ಮೇಲೆಯೇ ಜೋಡಿಸಿ, ಕಬ್ಬಿಣದ ಪಟ್ಟಿಯೊಳಗೆ ಕೂತ ಮೇಲೆ ಅಂಚಿಗೆ ಕೈ ಹೋಗುವುದಿಲ್ಲ.

ರಸ್ತೆಗಿಳಿದ ಮೇಲೆ

ಮೊದಲ ಓಟ ಸಮತಟ್ಟಾದ ಜಾಗದಲ್ಲಿ, ನಾಲ್ಕೈದು ಕಿಲೋಮೀಟರ್ ಸಾಕು. ನಿಲ್ಲಿಸಿದ ಕೂಡಲೇ ನಾಲ್ಕೂ ಡ್ರಮ್ಮುಗಳ ಹತ್ತಿರ ಅಂಗೈ ಹಿಡಿದು ಬಿಸಿ ಹೋಲಿಸಿ. ಒಂದು ಮಾತ್ರ ಕಾದಿದ್ದರೆ ಆ ಚಕ್ರದ ಶೂ ಬಿಗಿಯಾಗಿದೆ ಅಥವಾ ಹೋಸ್ ಕಟ್ಟಿದೆ, ನಾಲ್ಕೂ ಕಾದಿದ್ದರೆ ಪೆಡಲಿನ ಸಡಿಲಕ್ಕೆ ಹಿಂತಿರುಗಿ. ಚಕ್ರದ ನಟ್ಟುಗಳನ್ನು ಅಂದೇ ಒಮ್ಮೆ, 80 ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಬಿಗಿಯಿರಿ. ಆಗಲೇ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಎರಡರ ಬಿರಡೆಯನ್ನೂ ತೆಗೆದು ಮಟ್ಟ ನೋಡಿ. ಮುಂದಿನದು ಇಳಿದು ಹಿಂದಿನದು ಏರಿದ್ದರೆ ಟಾರ್ಕ್ ಟ್ಯೂಬಿನ ಸೀಲು ಇನ್ನೂ ಬಿಡುತ್ತಿದೆ. ಹಿಂದಿನ ಡ್ರಮ್ಮುಗಳಿಗೆ ಎಣ್ಣೆ ತಲುಪುವ ಮೊದಲೇ ಅದನ್ನು ಬಿಚ್ಚಿ.